ಉಳಿಸಿ ಎಂದ ವಿಜ್ಞಾನಿ: ಆಲ್‌ಫ್ರೆಡ್ ರಸೆಲ್ ವಾಲೇಸ್

ಮಹನೀಯರ ಬದುಕಿನ ಬಗ್ಗೆ ಈ ಸಲ ವಾಣಿಜ್ಯ ವಿಭಾಗದವರು ಬರೆಯಬೇಕು ಎಂದು ಕನ್ನಡ ಮೇಡಂ ಹೇಳಿದಾಗ, ನಾನು ಯಾರಾದರೂ ಉದ್ಯಮಿಯ ಬಗ್ಗೆ ಬರೆಯುತ್ತೇನೆ ಎಂದು ನನ್ನ ಕ್ಲಾಸಿನವರು ಅಂದುಕೊಂಡಿದ್ದರು. ನಾನು ಆರಿಸಿಕೊಂಡದ್ದು ಒಬ್ಬ ಜೀವವಿಜ್ಞಾನಿಯನ್ನು. ಅದಕ್ಕೆ ಕಾರಣವಿದೆ, ಮೊದಲು ಅದನ್ನೇ ಹೇಳುತ್ತೇನೆ.

ಕಳೆದ ವರ್ಷ ನಾವು ಕಾಲೇಜಿನಿಂದ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಿದ್ದೆವು. ಅದು ರಣಹದ್ದುಗಳಿಗಾಗಿ 2012ರಲ್ಲಿ ಘೋಷಿಸಿದ ವನ್ಯಧಾಮ. ಬಿಸಿಲಲ್ಲಿ ಒಂದು ಗಂಟೆ ತಲೆ ಎತ್ತಿಕೊಂಡು ನಿಂತರೂ ನಮಗೆ ಕಂಡದ್ದು ಬಂಡೆಯ ಮೇಲಿನ ಬಿಳಿ ಹಿಕ್ಕೆಯ ಗೆರೆಗಳು ಮಾತ್ರ. ಒಂದು ಹಕ್ಕಿಯೂ ಕಾಣಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ವಿಜ್ಞಾನ ವಿಭಾಗದ ಗೆಳತಿಯೊಬ್ಬಳು ಒಂದು ಪ್ರಶ್ನೆ ಎತ್ತಿದಳು. ಸಮರ್ಥವಾದದ್ದು ಉಳಿಯುತ್ತದೆ, ಉಳಿದದ್ದು ಅಳಿಯುತ್ತದೆ, ಇದೇ ನೈಸರ್ಗಿಕ ಆಯ್ಕೆ ಎಂದು ನಾವು ಓದುತ್ತೇವೆ. ಹಾಗಾದರೆ ಪ್ರಕೃತಿಯೇ ಬೇಡವೆಂದ ಹಕ್ಕಿಯನ್ನು ಸರ್ಕಾರ ದುಡ್ಡು ಸುರಿದು ಯಾಕೆ ಕಾಪಾಡಬೇಕು? ಅದು ಪ್ರಕೃತಿಯ ಕೆಲಸಕ್ಕೆ ಅಡ್ಡ ಬಂದಂತೆ ಆಗುವುದಿಲ್ಲವೇ? ಬಸ್ಸಿನಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಕೊಳ್ಳಲು ಇನ್ನೊಂದು ಕಾರಣವಿತ್ತು. ನಮ್ಮ ಅಬ್ಬಾ ರೇಷ್ಮೆ ನೂಲು ತೆಗೆಯುವವರು. ಬೆಳಿಗ್ಗೆ ಗೂಡು ಮಾರುಕಟ್ಟೆಯಲ್ಲಿ ಗೂಡು ಹರಾಜಿನಲ್ಲಿ ಹಿಡಿದು, ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಸಿನೀರಿನ ಬೇಸಿನ್‌ಗಳಲ್ಲಿ ನೂಲು ಬಿಚ್ಚಿಸುತ್ತಾರೆ. ಈಗ ದೊಡ್ಡ ದೊಡ್ಡ ಆಟೋಮ್ಯಾಟಿಕ್ ಯಂತ್ರಗಳು ಬಂದಿವೆ, ನಮ್ಮಂಥ ಸಣ್ಣ ಘಟಕಗಳಿಗೆ ಕಷ್ಟ. ಈದ್‌ಗೆ ಮನೆಗೆ ಬಂದಿದ್ದ ಸಂಬಂಧಿಕರೊಬ್ಬರು ಶೀರ್ ಖುರ್ಮಾ ಕುಡಿಯುತ್ತಾ, ಇದು ಪ್ರಕೃತಿ ನಿಯಮ, ದೊಡ್ಡದು ಉಳಿಯುತ್ತದೆ, ಚಿಕ್ಕದು ಹೋಗುತ್ತದೆ, ಬೇಗ ಮುಚ್ಚಿಬಿಡು ಎಂದು ಅಬ್ಬಾಗೆ ಹೇಳಿದರು. ಅಬ್ಬಾ ತಲೆ ತಗ್ಗಿಸಿ ಕೂತಿದ್ದರು. ಬಸ್ಸಿನಲ್ಲಿ ಕೇಳಿದ್ದು ಮತ್ತು ಮನೆಯಲ್ಲಿ ಕೇಳಿದ್ದು ಒಂದೇ ಮಾತು ಎಂದು ನನಗೆ ಅನ್ನಿಸಿತು. ಈ ನಿಯಮವನ್ನು ಕಂಡುಹಿಡಿದವರು ನಿಜವಾಗಿ ಏನು ಹೇಳಿದ್ದರು ಎಂದು ತಿಳಿಯಲು ಗ್ರಂಥಾಲಯಕ್ಕೆ ಹೋದೆ. ಅಲ್ಲಿ ಡಾರ್ವಿನ್ ಅವರನ್ನು ಹುಡುಕುತ್ತಾ ನನಗೆ ಸಿಕ್ಕವರು ಆಲ್‌ಫ್ರೆಡ್ ರಸೆಲ್ ವಾಲೇಸ್.

ವಾಲೇಸ್ ಹುಟ್ಟಿದ್ದು 1823ರ ಜನವರಿ 8ರಂದು, ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಅಸ್ಕ್ ಎಂಬ ಊರಿನ ಹತ್ತಿರ. ಒಂಬತ್ತು ಮಕ್ಕಳಲ್ಲಿ ಎಂಟನೆಯವರು. ತಂದೆ ವ್ಯವಹಾರಗಳಲ್ಲಿ ಹಣ ಹಾಕಿ ಕಳೆದುಕೊಂಡರು. ಹಾಗಾಗಿ 14 ವರ್ಷ ಆಗುವ ಹೊತ್ತಿಗೆ ವಾಲೇಸ್ ಶಾಲೆ ಬಿಡಬೇಕಾಯಿತು. ಅವರು ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. ಅಣ್ಣ ವಿಲಿಯಂ ಜೊತೆ ಸೇರಿ ಜಮೀನು ಅಳೆಯುವ ಸರ್ವೆ ಕೆಲಸ ಕಲಿತರು. ಹೊಲ, ಗುಡ್ಡ, ಹಳ್ಳ ಸುತ್ತುವ ಕೆಲಸ ಅದು. ಸುತ್ತುವಾಗ ಕಂಡ ಗಿಡಗಳ ಹೆಸರು ತಿಳಿಯಬೇಕೆಂಬ ಆಸೆ ಹುಟ್ಟಿತು, ಚಿಕ್ಕ ಪುಸ್ತಕ ಕೊಂಡರು, ಗಿಡಗಳನ್ನು ಒಣಗಿಸಿ ಇಟ್ಟುಕೊಂಡರು. ಸರ್ವೆ ಕೆಲಸ ಕಡಿಮೆಯಾದಾಗ 1844ರಲ್ಲಿ ಲೆಸ್ಟರ್ ಎಂಬ ಊರಿನ ಶಾಲೆಯಲ್ಲಿ ಮೇಷ್ಟ್ರಾದರು. ಆ ಊರಿನ ಗ್ರಂಥಾಲಯದಲ್ಲಿ ಓದಿದ ಒಂದು ಪುಸ್ತಕ ಮುಂದೆ ಅವರ ಬದುಕನ್ನೇ ಬದಲಿಸಿತು. ಅದು ಮಾಲ್ಥಸ್ ಎಂಬ ಅರ್ಥಶಾಸ್ತ್ರಜ್ಞರು ಜನಸಂಖ್ಯೆಯ ಬಗ್ಗೆ ಬರೆದ ಪುಸ್ತಕ. ಹೌದು, ನಾವು ಅರ್ಥಶಾಸ್ತ್ರದಲ್ಲಿ ಓದುವ ಅದೇ ಮಾಲ್ಥಸ್. ಅದೇ ಊರಿನಲ್ಲಿ ಹೆನ್ರಿ ಬೇಟ್ಸ್ ಎಂಬ ಗೆಳೆಯ ಸಿಕ್ಕರು, ಅವರಿಂದ ಜೀರುಂಡೆ ಹಿಡಿಯುವ ಹುಚ್ಚು ಹಿಡಿಯಿತು.

ಇಬ್ಬರೂ ಬಡವರು. ಆದರೆ ಆ ಕಾಲದಲ್ಲಿ ಯುರೋಪಿನ ಶ್ರೀಮಂತರು ಮತ್ತು ಸಂಗ್ರಹಾಲಯಗಳು ದೂರದ ದೇಶಗಳ ಚಿಟ್ಟೆ, ಹಕ್ಕಿ, ಜೀರುಂಡೆಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಅವನ್ನು ಹಿಡಿದು ಕಳಿಸಿದರೆ ಹೊಟ್ಟೆ ತುಂಬುತ್ತದೆ, ಜೀವಿಗಳ ಬಗ್ಗೆ ತಿಳಿದುಕೊಳ್ಳಲೂ ಆಗುತ್ತದೆ ಎಂದು ಲೆಕ್ಕ ಹಾಕಿ 1848ರಲ್ಲಿ ಇಬ್ಬರೂ ಬ್ರೆಜಿಲ್ ದೇಶದ ಅಮೆಜಾನ್ ಕಾಡಿಗೆ ಹಡಗು ಹತ್ತಿದರು. ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಸ್ಟೀವನ್ಸ್ ಎಂಬ ಏಜೆಂಟ್ ಅವರ ಮಾಲು ಮಾರಿಕೊಡುತ್ತಿದ್ದರು. ವಿಜ್ಞಾನಿ ಎಂದರೆ ಪ್ರಯೋಗಾಲಯದಲ್ಲಿ ಇರುವವರು ಎಂದು ತಿಳಿದಿದ್ದ ನನಗೆ, ಏಜೆಂಟು, ಕಮಿಷನ್ನು, ಸಾಗಣೆ ಎಂದು ಲೆಕ್ಕ ಇಟ್ಟುಕೊಂಡ ವಿಜ್ಞಾನಿ ಹತ್ತಿರದವರಂತೆ ಕಂಡರು.

ವಾಲೇಸ್ ನಾಲ್ಕು ವರ್ಷ ಅಮೆಜಾನಿನಲ್ಲಿದ್ದರು. ಸಹಾಯಕ್ಕೆ ಬಂದಿದ್ದ ತಮ್ಮ ಹರ್ಬರ್ಟ್ 1851ರಲ್ಲಿ ಹಳದಿ ಜ್ವರದಿಂದ ತೀರಿಕೊಂಡರು. ವಾಲೇಸ್ ಅವರಿಗೂ ಜ್ವರ ಬಂದು ಸಾವಿನ ಬಾಗಿಲಿಗೆ ಹೋಗಿ ಕ್ವಿನೈನ್ ಔಷಧಿ ತೆಗೆದುಕೊಂಡು ಬದುಕಿದರು. 1852ರಲ್ಲಿ ಊರಿಗೆ ಹೊರಟಾಗ ಆಗಸ್ಟ್ 6ರಂದು ನಡು ಸಮುದ್ರದಲ್ಲಿ ಅವರ ಹಡಗಿಗೆ ಬೆಂಕಿ ಬಿತ್ತು. ಹಕ್ಕಿಗಳು, ಕೀಟಗಳು, ದಿನಚರಿಯ ಬಹುಪಾಲು ಎಲ್ಲವೂ ಕಣ್ಣೆದುರೇ ಉರಿದುಹೋದವು. ಕೈಗೆ ಸಿಕ್ಕ ಕೆಲವು ಚಿತ್ರಗಳು ಮತ್ತು ಕಾಗದಗಳೊಂದಿಗೆ ಸಣ್ಣ ದೋಣಿಗೆ ಇಳಿದು ಹತ್ತು ದಿನ ತೇಲಿದರು. ಕೊನೆಗೆ ದಾರಿಯಲ್ಲಿ ಬಂದ ಇನ್ನೊಂದು ಹಡಗು ಅವರನ್ನು ಕಾಪಾಡಿತು. ಊರಿಗೆ ಬಂದಾಗ ಒಂದು ಒಳ್ಳೆಯ ಸುದ್ದಿ ಕಾದಿತ್ತು. ಏಜೆಂಟ್ ಸ್ಟೀವನ್ಸ್ ಮುಂದಾಲೋಚನೆಯಿಂದ ಮಾಲಿಗೆ 200 ಪೌಂಡ್ ವಿಮೆ ಮಾಡಿಸಿದ್ದರು. ಬಿಸಿನೆಸ್ ಸ್ಟಡೀಸ್‌ನಲ್ಲಿ ವಿಮೆಯ ಪಾಠ ಓದುವಾಗ ನನಗೆ ಈಗ ಈ ಹಡಗೇ ನೆನಪಿಗೆ ಬರುತ್ತದೆ. ಆ 200 ಪೌಂಡ್ ಇಲ್ಲದಿದ್ದರೆ ಮುಂದಿನ ಕಥೆ ನಡೆಯುತ್ತಿತ್ತೋ ಇಲ್ಲವೋ.

1854ರಲ್ಲಿ ವಾಲೇಸ್ ಮತ್ತೆ ಹೊರಟರು. ಈ ಸಲ ಸಿಂಗಾಪುರಕ್ಕೆ. ಅಲ್ಲಿಂದ ಇಂದಿನ ಮಲೇಷ್ಯಾ ಮತ್ತು ಇಂಡೋನೇಷ್ಯಾದ ದ್ವೀಪಗಳಲ್ಲಿ ಎಂಟು ವರ್ಷ ಸುತ್ತಿದರು. ಬೋರ್ನಿಯೋ ದ್ವೀಪದ ಸರಾವಾಕ್‌ನಲ್ಲಿ ಅವರ ಅಡುಗೆ ಕೆಲಸಕ್ಕೆ ಒಬ್ಬ ಮಲಯ ಹುಡುಗ ಸೇರಿದ. ವಯಸ್ಸು ಸುಮಾರು ಹದಿನೈದು. ಹೆಸರು ಅಲಿ. ಪುಸ್ತಕದಲ್ಲಿ ಈ ಹೆಸರು ಓದಿದಾಗ ನಾನು ಆ ಪುಟದಲ್ಲೇ ನಿಂತುಬಿಟ್ಟೆ. ಏಕೆಂದರೆ ನಮ್ಮ ಬೀದಿಯಲ್ಲೇ ಮೂರು ಜನ ಅಲಿಗಳಿದ್ದಾರೆ. ಅಲಿ ಅಡುಗೆಯಿಂದ ಶುರುಮಾಡಿ, ಹಕ್ಕಿ ಹೊಡೆಯುವುದು, ಚರ್ಮ ಸುಲಿದು ಕೆಡದಂತೆ ಸಿದ್ಧಪಡಿಸುವುದು ಎಲ್ಲ ಕಲಿತ. ವಾಲೇಸ್ ಅವನಿಂದ ಮಲಯ ಭಾಷೆ ಚೆನ್ನಾಗಿ ಕಲಿತರು. 1858ರಲ್ಲಿ ಬಚನ್ ದ್ವೀಪದಲ್ಲಿ ಅಲಿ ಒಂದು ವಿಚಿತ್ರ ಹಕ್ಕಿಯನ್ನು ತಂದ. ಎರಡೂ ಭುಜಗಳಿಂದ ಉದ್ದನೆಯ ಬಿಳಿ ಗರಿಗಳು ಹೊರಟಿದ್ದವು. ವಿಜ್ಞಾನಕ್ಕೆ ಅದುವರೆಗೆ ತಿಳಿಯದ ಸ್ವರ್ಗದ ಹಕ್ಕಿ ಅದು. ಇಂದು ಆ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿ ವಾಲೇಸ್ ಇದ್ದಾರೆ, ಅಲಿ ಇಲ್ಲ. ಅದಕ್ಕೇ ನಾನು ಇಲ್ಲಿ ಅಲಿಯ ಹೆಸರು ಬರೆಯುತ್ತಿದ್ದೇನೆ.

ಈ ಎಂಟು ವರ್ಷಗಳಲ್ಲಿ ವಾಲೇಸ್ ಸುಮಾರು 14,000 ಮೈಲಿ ಪ್ರಯಾಣ ಮಾಡಿ, 1,25,660 ಮಾದರಿಗಳನ್ನು ಸಂಗ್ರಹಿಸಿದರು. ಅದರಲ್ಲಿ 80,000ಕ್ಕೂ ಹೆಚ್ಚು ಜೀರುಂಡೆಗಳೇ. ಇಷ್ಟು ಕೊಂದವರು ಜೀವಿಗಳನ್ನು ಉಳಿಸುವ ಮಾತು ಆಡಲು ಯೋಗ್ಯರೇ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಬೋರ್ನಿಯೋದಲ್ಲಿ ಅವರು ಹಲವು ಒರಾಂಗುಟಾನ್‌ಗಳನ್ನು ಗುಂಡಿಟ್ಟು ಕೊಂದರು. ಒಮ್ಮೆ ಕೊಂದ ತಾಯಿಯ ಹತ್ತಿರ ಹಲ್ಲು ಬಾರದ ಮರಿ ಸಿಕ್ಕಿತು. ಅದನ್ನು ಮನೆಗೆ ತಂದರು. ಹಾಲು ಸಿಗಲಿಲ್ಲ, ಗಂಜಿ ತಿಳಿ ಕುಡಿಸಿದರು. ತಬ್ಬಿಕೊಳ್ಳಲು ಎಮ್ಮೆ ಚರ್ಮದಿಂದ ಸುಳ್ಳು ತಾಯಿಯನ್ನು ಕಟ್ಟಿಕೊಟ್ಟರು. ಮರಿ ಅದರಲ್ಲಿ ಹಾಲು ಹುಡುಕಿತು. ಸುಮಾರು ಮೂರು ತಿಂಗಳಿಗೆ ಅದು ಸತ್ತಿತು. ಅದನ್ನು ಮಗುವಿನಂತೆ ನೋಡಿಕೊಂಡ ವಾಲೇಸ್ ದುಃಖಪಟ್ಟರು. ತಾಯಿಯನ್ನು ಕೊಂದವರೂ ಅವರೇ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದು ಆ ಕಾಲದ ರೀತಿ, ಅದು ಅವರ ಹೊಟ್ಟೆಪಾಡು. ಆದರೂ ತಪ್ಪು ತಪ್ಪೇ.

ಒಂದು ಮಾತು ಮಾತ್ರ ಗಮನಿಸಬೇಕು. ಶ್ರೀಮಂತ ಸಂಗ್ರಾಹಕರಿಗೆ ಒಂದು ಜಾತಿಗೆ ಒಂದೋ ಎರಡೋ ಮಾದರಿ ಸಾಕು. ಮಾರಾಟಕ್ಕೆ ಹಿಡಿಯುವ ವಾಲೇಸ್ ಅವರ ಮುಂದೆ ಒಂದೇ ಜಾತಿಯ ಹತ್ತಾರು, ನೂರಾರು ಚಿಟ್ಟೆಗಳು ಸಾಲಾಗಿ ಇರುತ್ತಿದ್ದವು. ಹಾಗೆ ಸಾಲಾಗಿ ಇಟ್ಟಾಗ ಕಾಣುವುದೇನು? ಒಂದರಂತೆ ಇನ್ನೊಂದಿಲ್ಲ. ಒಂದರ ರೆಕ್ಕೆ ಸ್ವಲ್ಪ ಉದ್ದ, ಇನ್ನೊಂದರ ಬಣ್ಣ ಸ್ವಲ್ಪ ಮಂದ. ಈ ವ್ಯತ್ಯಾಸವೇ ನೈಸರ್ಗಿಕ ಆಯ್ಕೆಯ ಬಂಡವಾಳ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1858ರ ಫೆಬ್ರವರಿಯಲ್ಲಿ ವಾಲೇಸ್ ಟರ್ನಾಟೆ ದ್ವೀಪದ ಕಡೆ ಇದ್ದರು. ಅದು ಸುಲ್ತಾನರ ಆಳ್ವಿಕೆಯ, ಲವಂಗಕ್ಕೆ ಹೆಸರಾದ ದ್ವೀಪ. ಚಳಿಜ್ವರ ಬಂದು ಕಂಬಳಿ ಹೊದ್ದು ಮಲಗಿದ್ದಾಗ ಹಿಂದೆ ಓದಿದ್ದ ಮಾಲ್ಥಸ್ ಪುಸ್ತಕ ನೆನಪಿಗೆ ಬಂತು. ಪ್ರತಿ ಜೀವಿಯೂ ಬದುಕಲು ಸಾಧ್ಯವಿರುವುದಕ್ಕಿಂತ ಹೆಚ್ಚು ಮರಿ ಹಾಕುತ್ತದೆ. ಎಲ್ಲವೂ ಬದುಕುವುದಿಲ್ಲ. ಒಂದೇ ಜಾತಿಯ ಒಳಗೆ ಸಣ್ಣ ಸಣ್ಣ ವ್ಯತ್ಯಾಸಗಳಿವೆ. ಆ ಜಾಗಕ್ಕೆ, ಆ ಕಾಲಕ್ಕೆ ಹೊಂದುವ ವ್ಯತ್ಯಾಸ ಇರುವವು ಹೆಚ್ಚು ಬದುಕಿ ಹೆಚ್ಚು ಮರಿ ಬಿಡುತ್ತವೆ. ಆ ಗುಣ ಮುಂದಿನ ತಲೆಮಾರಿಗೆ ಹೋಗುತ್ತದೆ. ಹೀಗೆ ಸಾವಿರಾರು ತಲೆಮಾರು ನಡೆದರೆ ಹೊಸ ಪ್ರಭೇದವೇ ಹುಟ್ಟಬಹುದು. ಜ್ವರ ಬಿಟ್ಟ ಮೇಲೆ ವಾಲೇಸ್ ಇದನ್ನು ಬರೆದು, ತಾವು ತುಂಬ ಗೌರವಿಸುತ್ತಿದ್ದ ಚಾರ್ಲ್ಸ್ ಡಾರ್ವಿನ್ ಅವರಿಗೆ ಅಂಚೆಯಲ್ಲಿ ಕಳಿಸಿದರು.

ಡಾರ್ವಿನ್ ಇದೇ ವಿಚಾರದ ಮೇಲೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದರು, ಆದರೆ ಪ್ರಕಟಿಸಿರಲಿಲ್ಲ. ಕಾಗದ ಕೈಗೆ ಬಂದಾಗ ಅವರಿಗೆ ದಿಗಿಲಾಯಿತು. ಸ್ನೇಹಿತರು ಮಧ್ಯೆ ಬಂದು 1858ರ ಜುಲೈ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹವನ್ನೂ ಒಟ್ಟಿಗೆ ಓದಿಸಿದರು. ಸಾವಿರಾರು ಮೈಲಿ ದೂರದಲ್ಲಿದ್ದ ವಾಲೇಸ್ ಅವರನ್ನು ಯಾರೂ ಕೇಳಿರಲಿಲ್ಲ. ಮರುವರ್ಷ ಡಾರ್ವಿನ್ ಪುಸ್ತಕ ಬಂತು, ಹೆಸರು ಅವರದ್ದಾಯಿತು. ವಾಲೇಸ್ ಜಗಳ ಮಾಡಲಿಲ್ಲ. ಬದುಕಿನ ಉದ್ದಕ್ಕೂ ಡಾರ್ವಿನ್ ಅವರೇ ಮೊದಲಿಗರು ಎನ್ನುತ್ತಿದ್ದರು. 1889ರಲ್ಲಿ ಈ ಸಿದ್ಧಾಂತದ ಬಗ್ಗೆ ಪುಸ್ತಕ ಬರೆದಾಗಲೂ ಅದಕ್ಕೆ ಡಾರ್ವಿನಿಸಂ ಎಂದೇ ಹೆಸರಿಟ್ಟರು.

ವಿಕಾಸ ಎಂದ ಕೂಡಲೇ ನಮ್ಮಲ್ಲಿ ಕೆಲವರಿಗೆ ಮನುಷ್ಯನ ಹುಟ್ಟಿನ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತು. ಮನುಷ್ಯನ ಮನಸ್ಸು ನೈಸರ್ಗಿಕ ಆಯ್ಕೆಯಿಂದ ಮಾತ್ರ ಬಂದಿರಲಾರದು ಎಂದು ವಾಲೇಸ್ ಅವರೇ ಡಾರ್ವಿನ್ ಜೊತೆ ಭಿನ್ನಾಭಿಪ್ರಾಯ ಹೊಂದಿದ್ದರು. ಆ ಚರ್ಚೆ ಈ ಲೇಖನದ್ದಲ್ಲ. ನನ್ನ ವಿಷಯ ಹಕ್ಕಿ, ಪ್ರಾಣಿ, ಗಿಡಗಳದ್ದು.

ಈಗ ಆ ಮಾತಿಗೆ ಬರೋಣ. ಸಮರ್ಥರ ಉಳಿವು ಎಂಬ ಮಾತನ್ನು ಮೊದಲು ಬಳಸಿದವರು ಹರ್ಬರ್ಟ್ ಸ್ಪೆನ್ಸರ್ ಎಂಬ ತತ್ತ್ವಜ್ಞಾನಿ. ಅದನ್ನು ಬಳಸಿ ಎಂದು 1866ರಲ್ಲಿ ಡಾರ್ವಿನ್ ಅವರಿಗೆ ಕಾಗದ ಬರೆದು ಒತ್ತಾಯಿಸಿದವರು ಬೇರೆ ಯಾರೂ ಅಲ್ಲ, ವಾಲೇಸ್! ಅವರ ಕಾರಣ ಸ್ವಾರಸ್ಯವಾಗಿದೆ. ಆಯ್ಕೆ ಎಂದರೆ ಜನರು, ಪ್ರಕೃತಿ ಎಂಬ ಒಬ್ಬ ವ್ಯಕ್ತಿ ಕೂತು ಇದು ಬೇಕು, ಇದು ಬೇಡ ಎಂದು ಆರಿಸುತ್ತಾಳೆ ಅಂದುಕೊಳ್ಳುತ್ತಾರೆ, ಹಾಗೆ ಯಾರೂ ಆರಿಸುವುದಿಲ್ಲ ಎಂದು ತಿಳಿಸುವುದು ಅವರ ಉದ್ದೇಶವಾಗಿತ್ತು. ಬಸ್ಸಿನಲ್ಲಿ ನನ್ನ ಗೆಳತಿ ಮಾಡಿದ್ದು ಅದೇ ತಪ್ಪು. ರಣಹದ್ದನ್ನು ಪ್ರಕೃತಿ ಬೇಡ ಎಂದಿತು ಎಂದಳು. ಪ್ರಕೃತಿ ಬೇಕು ಬೇಡ ಎನ್ನುವುದಿಲ್ಲ. ತಪ್ಪು ತಿಳಿವಳಿಕೆ ಹೋಗಲಿ ಎಂದು ವಾಲೇಸ್ ತಂದ ಮಾತು ಇನ್ನೊಂದು ತಪ್ಪು ತಿಳಿವಳಿಕೆಗೆ ದಾರಿಯಾಯಿತು. ಸಮರ್ಥ ಎಂದರೆ ಬಲಿಷ್ಠ, ದೊಡ್ಡದು, ಗೆದ್ದದ್ದು ಎಂದು ಜನ ತಿಳಿದರು. ವಾಲೇಸ್ ಅವರ ಅರ್ಥ ಅದಲ್ಲ. ಆ ಜಾಗಕ್ಕೆ ಹೊಂದಿಕೊಂಡದ್ದು ಎಂದಷ್ಟೇ.

ನಮ್ಮ ಮನೆಯ ಉದಾಹರಣೆಯನ್ನೇ ಕೊಡುತ್ತೇನೆ. ರೇಷ್ಮೆ ಚಿಟ್ಟೆಗೆ ರೆಕ್ಕೆ ಇದೆ, ಹಾರಲು ಬರುವುದಿಲ್ಲ. ಹುಳುವನ್ನು ಹಿಪ್ಪುನೇರಳೆ ಮರಕ್ಕೆ ಬಿಟ್ಟು ಬಂದರೆ ಹಕ್ಕಿ, ಇರುವೆಗಳ ಪಾಲಾಗುತ್ತದೆ. ಆದರೂ ತಟ್ಟೆಯಲ್ಲಿ ಸೊಪ್ಪು ಹಾಕುವ ಮನುಷ್ಯರ ನಡುವೆ ಅದು ಕೋಟಿಗಟ್ಟಲೆ ಇದೆ. ಅದರ ಜಾಗ ಅದು. ಬಲವೇ ಅಳತೆಯಾಗಿದ್ದರೆ ರೇಷ್ಮೆ ಹುಳು ಎಂದೋ ಇಲ್ಲವಾಗಬೇಕಿತ್ತು.

ಜೀವಿಗಳ ಅಳಿವಿನ ಬಗ್ಗೆ ವಾಲೇಸ್ ಯೋಚಿಸಲು ಶುರುಮಾಡಿದ್ದು 1857ರಲ್ಲಿ, ಅರು ದ್ವೀಪಗಳಲ್ಲಿ. ಅಲ್ಲಿ ಅವರಿಗೆ ಕೆಂಪು ಬಣ್ಣದ, ಬಾಲದಲ್ಲಿ ಸುರುಳಿ ಗರಿಗಳಿರುವ ಪುಟ್ಟ ಸ್ವರ್ಗದ ಹಕ್ಕಿ ಸಿಕ್ಕಿತು. ನಾನು ಅದರ ಚಿತ್ರ ತೋರಿಸಿದಾಗ ನಮ್ಮ ದಾದಿ, ಅಂದರೆ ನನ್ನ ಅಜ್ಜಿ, ಇದು ನಿಜವಾಗಿಯೂ ಜನ್ನತ್ತಿನದ್ದೇ ಎಂದರು. ವಾಲೇಸ್ ಅದನ್ನು ಕೈಯಲ್ಲಿ ಹಿಡಿದು ಸಂತೋಷಪಟ್ಟರು, ಜೊತೆಗೆ ಬೇಸರವೂ ಆಯಿತು. ನೋಡುವವರೇ ಇಲ್ಲದ ಕಾಡಿನಲ್ಲಿ ಎಷ್ಟೋ ತಲೆಮಾರುಗಳಿಂದ ಈ ಹಕ್ಕಿ ಇಷ್ಟು ಚೆಂದ ಬದುಕಿದೆ. ನಾಗರಿಕ ಮನುಷ್ಯ ಇಲ್ಲಿಗೆ ಬಂದು ಕಾಡು ತೆರೆದರೆ ಇದು ಅಳಿಯುತ್ತದೆ. ಹಾಗಾದರೆ ಎಲ್ಲ ಜೀವಿಗಳೂ ಮನುಷ್ಯನಿಗಾಗಿಯೇ ಇವೆ ಎಂಬುದು ಸುಳ್ಳು, ಅವುಗಳ ಬದುಕು ಅವುಗಳಿಗಾಗಿ ಎಂಬ ತೀರ್ಮಾನಕ್ಕೆ ಅವರು ಬಂದರು.

1862ರಲ್ಲಿ ವಾಲೇಸ್ ಅಲಿಗೆ ಹಣ, ಬಂದೂಕುಗಳನ್ನು ಕೊಟ್ಟು ಸಿಂಗಾಪುರದಲ್ಲಿ ಬೀಳ್ಕೊಂಡು ಊರಿಗೆ ಮರಳಿದರು. ಈ ಸಲ ಜೀವಂತ ಸ್ವರ್ಗದ ಹಕ್ಕಿಗಳು ಎರಡು ಜೊತೆಯಲ್ಲಿದ್ದವು, ಅವಕ್ಕೆ ದಾರಿಯುದ್ದಕ್ಕೂ ಜಿರಳೆ ಹಿಡಿದು ತಿನ್ನಿಸಿದರು. ಮರುವರ್ಷ, ಅಂದರೆ 1863ರಲ್ಲಿ, ಲಂಡನ್ನಿನ ರಾಯಲ್ ಜಿಯೋಗ್ರಾಫಿಕಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ಅವರು ಒಂದು ಹೋಲಿಕೆ ಕೊಟ್ಟರು. ಭೂಮಿಯ ಚರಿತ್ರೆ ಒಂದು ಗ್ರಂಥ, ಪ್ರತಿ ಪ್ರಭೇದವೂ ಅದರ ಒಂದೊಂದು ಅಕ್ಷರ. ಕೆಲವು ಅಕ್ಷರ ಅಳಿಸಿಹೋದರೆ ವಾಕ್ಯ ಅರ್ಥವಾಗದು. ಬೇಸಾಯ ಹರಡಿದಂತೆ ಈ ಅಕ್ಷರಗಳು ಅಳಿಯುತ್ತಿವೆ, ನಾವು ಸುಮ್ಮನಿದ್ದರೆ ಮುಂದಿನವರು ನಮ್ಮನ್ನು ದೂರುತ್ತಾರೆ ಎಂಬುದು ಅವರ ಎಚ್ಚರಿಕೆ. ಆ ಕಾಲದವರಂತೆ ಅವರು ಸೂಚಿಸಿದ ಉಪಾಯ ಮಾದರಿಗಳನ್ನು ಸಂಗ್ರಹಾಲಯದಲ್ಲಿ ಇಡುವುದು. ಆದರೆ ಮುಂದೆ ಅವರ ಮಾತು ಕಾಡಿನ ಕಡೆಗೇ ತಿರುಗಿತು. 1878ರ ಪುಸ್ತಕದಲ್ಲಿ ಸಿಲೋನ್ ಮತ್ತು ಭಾರತದಲ್ಲಿ ಕಾಫಿಗಾಗಿ ಕಾಡು ಕಡಿದರೆ ಮಣ್ಣು ಕೊಚ್ಚಿಹೋಗಿ ದೇಶವೇ ಬಡವಾಗುತ್ತದೆ ಎಂದು ಎಚ್ಚರಿಸಿದರು.

1880ರ ಇನ್ನೊಂದು ಪುಸ್ತಕದಲ್ಲಿ ಸೇಂಟ್ ಹೆಲೆನಾ ಎಂಬ ದ್ವೀಪದ ಕಥೆ ಬರೆದರು. ನೆಪೋಲಿಯನ್ ಸೆರೆಯಲ್ಲಿದ್ದ ದ್ವೀಪ ಅದು. ಅಟ್ಲಾಂಟಿಕ್ ಸಾಗರದ ನಡುವೆ ಬೇರೆಲ್ಲೂ ಇಲ್ಲದ ಗಿಡಮರಗಳು ಅಲ್ಲಿ ತುಂಬಿದ್ದವು. 16ನೇ ಶತಮಾನದಲ್ಲಿ ಹಡಗಿನವರು ಅಲ್ಲಿ ಆಡುಗಳನ್ನು ಬಿಟ್ಟರು. ಆಡುಗಳು ಎಳೆ ಸಸಿಗಳನ್ನೆಲ್ಲ ಮೇಯ್ದವು. ಹಳೆ ಮರಗಳು ಸತ್ತಾಗ ಅವುಗಳ ಜಾಗಕ್ಕೆ ಹೊಸವು ಇರಲಿಲ್ಲ. ಮಳೆಗೆ ಮಣ್ಣು ಕೊಚ್ಚಿಹೋಯಿತು. ಆ ಗಿಡಗಳು ಅಸಮರ್ಥವೇ? ಅಲ್ಲ. ಆಡಿಲ್ಲದ ದ್ವೀಪಕ್ಕೆ ಅವು ಚೆನ್ನಾಗಿ ಹೊಂದಿಕೊಂಡಿದ್ದವು, ಲಕ್ಷಾಂತರ ವರ್ಷ ಉಳಿದಿದ್ದವು. ಮನುಷ್ಯ ಒಂದೇ ದಿನ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನೇ ಬದಲಾಯಿಸಿದ. ಓದಲು ಸಮಯ ಕೊಡಲಿಲ್ಲ.

ಇಲ್ಲಿ ನನಗೆ ನಮ್ಮ ರಣಹದ್ದಿನ ಉತ್ತರ ಸಿಕ್ಕಿತು. ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು 1990ರ ನಂತರದ ಸುಮಾರು ಹದಿನೈದು ವರ್ಷಗಳಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಕಡಿಮೆಯಾದವು. ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಆ ಔಷಧಿ ಪಡೆದು ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಸಾಯುತ್ತದೆ. ರಣಹದ್ದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ದೊಡ್ಡದಾಗಿ ತಾನೂ ಮೊಟ್ಟೆ ಇಡಲು ಸುಮಾರು ಐದು ವರ್ಷ ಬೇಕು. ಅಂದರೆ ಹದಿನೈದು ವರ್ಷ ಎಂದರೆ ಮೂರೇ ತಲೆಮಾರು. ವಿಷ ತಡೆಯುವ ಗುಣ ಎಲ್ಲೋ ಒಂದೆರಡರಲ್ಲಿ ಇದ್ದಿದ್ದರೂ ಅದು ಹರಡಲು ಮೂರು ತಲೆಮಾರು ಎಲ್ಲಿ ಸಾಕು? ನೈಸರ್ಗಿಕ ಆಯ್ಕೆಗೆ ಎರಡು ವಸ್ತು ಬೇಕು: ವ್ಯತ್ಯಾಸ ಮತ್ತು ಸಮಯ. ನಾವು ಎರಡನ್ನೂ ಕಿತ್ತುಕೊಂಡೆವು.

ನಾನು ಇದನ್ನು ಲೆಕ್ಕಶಾಸ್ತ್ರದ ಭಾಷೆಯಲ್ಲಿ ಅರ್ಥ ಮಾಡಿಕೊಂಡೆ. ಹಿಂದೆ ಹೇಳಿದ ಚಿಟ್ಟೆಗಳ ಸಾಲು ನೆನಪಿದೆಯೇ? ಸಾವಿರಾರು ಇದ್ದಾಗ ಒಳಗೆ ಬಗೆಬಗೆಯ ಗುಣಗಳಿರುತ್ತವೆ, ಅದು ಬಂಡವಾಳ. ಕಷ್ಟ ಬಂದಾಗ ಯಾವುದೋ ಒಂದು ಗುಣ ಕೈ ಹಿಡಿಯಬಹುದು. ಬರೀ ಇಪ್ಪತ್ತು ಉಳಿದಾಗ ಬಂಡವಾಳ ಕರಗಿರುತ್ತದೆ. ಆಗ ಯಾವುದು ಉಳಿಯುತ್ತದೆ ಎಂಬುದನ್ನು ಹೊಂದಾಣಿಕೆ ನಿರ್ಧರಿಸುವುದಿಲ್ಲ, ಅದೃಷ್ಟ ನಿರ್ಧರಿಸುತ್ತದೆ. ಒಂದು ಬಿರುಗಾಳಿ, ಒಂದು ರೋಗ ಸಾಕು. ಹಾಗಾಗಿ ಅಳಿವಿನಂಚಿನ ಜೀವಿಯನ್ನು ಉಳಿಸುವುದು ನೈಸರ್ಗಿಕ ಆಯ್ಕೆಗೆ ಅಡ್ಡ ಬರುವುದಲ್ಲ. ಆ ಆಯ್ಕೆ ಮುಂದುವರಿಯಲು ಬೇಕಾದ ಬಂಡವಾಳವನ್ನು ದಿವಾಳಿಯಾಗದಂತೆ ಕಾಯುವುದು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಈ ಔಷಧಿ ಬಳಸುವುದನ್ನು ನಿಷೇಧಿಸಿತು. ಅದರಿಂದ ರಣಹದ್ದು ಮೆತ್ತಗಾಗಲಿಲ್ಲ. ನಾವು ಹಾಕಿದ ವಿಷವನ್ನು ನಾವೇ ತೆಗೆಯಲು ಹೊರಟೆವು, ಅಷ್ಟೇ.

ಹಿಂದಿನ ಕಾಲದಲ್ಲೂ ಪ್ರಭೇದಗಳು ಅಳಿದಿವೆ, ಡೈನೋಸಾರ್ ಹೋಗಲಿಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಅಳಿದಿವೆ. ಆದರೆ ಒಂದು ಸಂಗತಿ ನಡೆಯುತ್ತದೆ ಎಂದ ಮಾತ್ರಕ್ಕೆ ಅದು ನಡೆಯಲೇಬೇಕು ಎಂದಾಗುವುದಿಲ್ಲ. ಚಳಿಜ್ವರವೂ ಪ್ರಕೃತಿಯದ್ದೇ. ಅಮೆಜಾನ್ ಕಾಡಿನಲ್ಲಿ ವಾಲೇಸ್ ಇದು ಪ್ರಕೃತಿ ನಿಯಮ ಎಂದು ಕ್ವಿನೈನ್ ಬೇಡವೆಂದಿದ್ದರೆ ಈ ನಿಯಮವನ್ನು ಬರೆಯಲು ಅವರು ಇರುತ್ತಲೇ ಇರಲಿಲ್ಲ.

ವಾಲೇಸ್ ಅವರ ಮುಂದಿನ ಬದುಕು ಸುಖವಾಗಿರಲಿಲ್ಲ. 1869ರಲ್ಲಿ ಪ್ರಕಟವಾದ ಮಲಯ ದ್ವೀಪಗಳ ಪ್ರವಾಸದ ಪುಸ್ತಕ ಅವರಿಗೆ ಹೆಸರು ತಂದಿತು. ಆದರೆ ಸಂಗ್ರಹ ಮಾರಿ ಬಂದ ಹಣವನ್ನು ರೈಲ್ವೆ ಮತ್ತು ಗಣಿಗಳ ಷೇರುಗಳಲ್ಲಿ ಹಾಕಿ ಕಳೆದುಕೊಂಡರು. ಖಾಯಂ ನೌಕರಿ ಸಿಗಲಿಲ್ಲ. ಕೊನೆಗೆ ಡಾರ್ವಿನ್ ಮತ್ತು ಸ್ನೇಹಿತರು ಓಡಾಡಿ 1881ರಲ್ಲಿ ಸರ್ಕಾರದಿಂದ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಡಿಸಿದರು. ಎಲ್ಲ ವಿಷಯದಲ್ಲೂ ಅವರು ಸರಿಯಾಗಿದ್ದರು ಎಂದಲ್ಲ. ಸಿಡುಬಿನ ಲಸಿಕೆಯನ್ನು ಅವರು ವಿರೋಧಿಸಿದರು, ಅದು ದೊಡ್ಡ ತಪ್ಪು. ಸತ್ತವರ ಆತ್ಮಗಳು ಮಾತಾಡುತ್ತವೆ ಎಂದೂ ನಂಬಿದ್ದರು. 1908ರಲ್ಲಿ ಬ್ರಿಟನ್ನಿನ ದೊಡ್ಡ ಗೌರವವಾದ ಆರ್ಡರ್ ಆಫ್ ಮೆರಿಟ್ ಸಿಕ್ಕಿತು. 1913ರ ನವೆಂಬರ್ 7ರಂದು ತಮ್ಮ 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರು ಗುಂಡಿಟ್ಟ ಬೋರ್ನಿಯೋದ ಒರಾಂಗುಟಾನ್ 2016ರಿಂದ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಯಲ್ಲಿದೆ. ಕಾಡು ಎಣ್ಣೆ ತಾಳೆ ತೋಟವಾಗಿರುವುದು ಅದಕ್ಕೆ ಒಂದು ದೊಡ್ಡ ಕಾರಣ. ನಮ್ಮ ಮನೆಯ ಅಡುಗೆ ಎಣ್ಣೆಯ ಪ್ಯಾಕೆಟ್ ತಿರುಗಿಸಿ ನೋಡಿದೆ, ಪಾಮ್ ಎಣ್ಣೆ ಎಂದು ಬರೆದಿತ್ತು.

ಗೆಳತಿಗೆ ಈ ಉತ್ತರವನ್ನು ಮೊನ್ನೆ ಕ್ಯಾಂಟೀನಿನಲ್ಲಿ ಹೇಳಿದೆ. ಒಪ್ಪಿದಳು, ಆದರೆ ಎಲ್ಲ ಪ್ರಭೇದ ಉಳಿಸಲು ದುಡ್ಡು ಎಲ್ಲಿದೆ, ಯಾವುದನ್ನು ಮೊದಲು ಉಳಿಸುವುದು ಎಂದು ಇನ್ನೊಂದು ಪ್ರಶ್ನೆ ಕೇಳಿದಳು. ಅದು ಒಳ್ಳೆಯ ಪ್ರಶ್ನೆ, ಅದರ ಬಗ್ಗೆ ಅವಳೇ ಮುಂದಿನ ಸಂಚಿಕೆಗೆ ಬರೆಯಬೇಕು ಎಂದು ಇಲ್ಲಿ ಎಲ್ಲರ ಎದುರು ಕೇಳಿಕೊಳ್ಳುತ್ತೇನೆ.

ಅಬ್ಬಾಗೂ ಹೇಳಿದೆ. ನಮ್ಮ ಶೆಡ್ಡು ಉಳಿಯಲೇಬೇಕು ಎಂದು ವಾಲೇಸ್ ಹೇಳಿಲ್ಲ. ಅಂಗಡಿ, ಕಾರ್ಖಾನೆ ಪ್ರಭೇದಗಳಲ್ಲ. ಯಂತ್ರದ ನೂಲು ಒಳ್ಳೆಯದು ಎಂಬುದು ಅಬ್ಬಾಗೂ ಗೊತ್ತು. ಗೂಡಿನ ದರ, ನೂಲಿನ ದರ, ಸಾಲದ ಬಡ್ಡಿ ಮೂರನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಆರು ತಿಂಗಳ ಲೆಕ್ಕ ನಾವಿಬ್ಬರೂ ಮಾಡುತ್ತಿದ್ದೇವೆ. ಮುಚ್ಚುವುದೋ, ನಾಲ್ಕು ಜನ ಸೇರಿ ಯಂತ್ರ ಹಾಕುವುದೋ ಆ ಲೆಕ್ಕ ಹೇಳಲಿ. ಪ್ರಕೃತಿಯ ಹೆಸರಿನಲ್ಲಿ ಯಾರೂ ತೀರ್ಪು ಕೊಡುವುದು ಬೇಡ ಎಂದೆ. ಅಬ್ಬಾ ನಕ್ಕರು. ಆಮೇಲೆ ಆ ಅಲಿ ಏನಾದ ಎಂದು ಕೇಳಿದರು.

ಅಲಿ ಟರ್ನಾಟೆಯಲ್ಲಿ ಮದುವೆಯಾಗಿದ್ದ. 1907ರಲ್ಲಿ ಥಾಮಸ್ ಬಾರ್ಬರ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞರು ಆ ದ್ವೀಪಕ್ಕೆ ಹೋದಾಗ ಒಬ್ಬ ವೃದ್ಧರು ಎದುರು ಬಂದು, ತಮ್ಮ ಹೆಸರು ಅಲಿ ವಾಲೇಸ್ ಎಂದು ಪರಿಚಯ ಹೇಳಿಕೊಂಡರಂತೆ. ಬಾರ್ಬರ್ ಈ ಸುದ್ದಿಯನ್ನು ಇಂಗ್ಲೆಂಡಿಗೆ ಬರೆದು ತಿಳಿಸಿದರು. ಆಗ ವಾಲೇಸ್ ಇನ್ನೂ ಬದುಕಿದ್ದರು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ